ಮಣಿಕಟ್ಟಿನ ನೋವು: ಎಣ್ಣೆ ತಿಕ್ಕುವ ಮುನ್ನ

ಮಕ್ಕಳು ಕೈ ನೋವೆಂದರೆ ನಮ್ಮ ಮನೆಗಳಲ್ಲಿ ಮೊದಲು ಹೊರಬರುವುದು ಎಣ್ಣೆಯ ಬಟ್ಟಲು. ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬಿಸಿ ಮಾಡಿ ಅಜ್ಜಿ ನೀವಿದರೆ ಅರ್ಧ ನೋವು ಹೋದಂತೆಯೇ. ಅದಕ್ಕೂ ಬಗ್ಗದಿದ್ದರೆ ಊರ ಕಡೆ ಪುತ್ತೂರು ಕಟ್ಟು, ಇಲ್ಲಿ ಗುಜರಾತಿನಲ್ಲಾದರೆ ಹಾಡವೈದ್. ಬಹುಪಾಲು ಉಳುಕುಗಳು ಯಾರು ಏನು ಮಾಡಿದರೂ, ಮಾಡದಿದ್ದರೂ, ಎರಡು ಮೂರು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಹೆಸರು ಮಾತ್ರ ಎಣ್ಣೆಗೆ! ತೊಂದರೆಯಿರುವುದು ಹಾಗೆ ಗುಣವಾಗದೆ ಉಳಿಯುವ ನೋವಿನಲ್ಲಿ.

ಅಂಥ ನೋವಿಗೆ ಅಪರೂಪವಾಗಿಯಾದರೂ ಕಾರಣವಾಗುವ ಒಂದು ಕಾಯಿಲೆಯ ಪರಿಚಯ ನಮ್ಮ ಓದುಗರಿಗೆ ಇರಬೇಕು. ಅದರ ಹೆಸರು ಕೀನ್‌ಬೋಕ್ ಕಾಯಿಲೆ. ರಾಂಟ್‌ಜೆನ್ ಮಹಾಶಯ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದು ತನ್ನ ಹೆಂಡತಿಯ ಕೈಯ ಚಿತ್ರ ತೆಗೆದದ್ದು ಎಲ್ಲರಿಗೂ ಗೊತ್ತು. ಅದಾದ ಹದಿನೈದು ವರ್ಷಗಳ ನಂತರ, 1910ರಲ್ಲಿ, ವಿಯೆನ್ನಾದ ಕ್ಷ-ಕಿರಣ ತಜ್ಞ ರಾಬರ್ಟ್ ಕೀನ್‌ಬೋಕ್ ಮಣಿಕಟ್ಟಿನ ನಡುವಿನ ಒಂದು ಪುಟ್ಟ ಮೂಳೆ ರಕ್ತದ ಪೂರೈಕೆ ತಪ್ಪಿ ಮೆತ್ತಗಾಗಿ ಕುಸಿಯುವುದನ್ನು ವಿವರಿಸಿದ. ಆ ಮೂಳೆಯ ಹೆಸರು ಲೂನೇಟ್. ಲ್ಯಾಟಿನ್ ಭಾಷೆಯಲ್ಲಿ ಲೂನಾ ಎಂದರೆ ಚಂದ್ರ. ಪಕ್ಕದಿಂದ ನೋಡಿದರೆ ಅದು ಬಿದಿಗೆಯ ಚಂದ್ರನ ಹಾಗೆಯೇ ಇರುತ್ತದೆ.

ನಮ್ಮ ಮಣಿಕಟ್ಟಿನಲ್ಲಿ ಹೀಗೆ ಎಂಟು ಸಣ್ಣ ಮೂಳೆಗಳು ಎರಡು ಸಾಲಾಗಿ, ಹೊಳೆಯ ಬೆಣಚುಕಲ್ಲುಗಳಂತೆ ಒಂದಕ್ಕೊಂದು ಅಂಟಿಕೊಂಡು ಕುಳಿತಿವೆ. ಹುಟ್ಟಿದ ಮಗುವಿನ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಇವುಗಳಲ್ಲಿ ಒಂದೂ ಕಾಣುವುದಿಲ್ಲ, ಏಕೆಂದರೆ ಆಗ ಅವೆಲ್ಲ ಮೃದ್ವಸ್ಥಿ. ಮೊದಲ ಕೆಲವು ತಿಂಗಳಲ್ಲಿ ಎರಡು ಮೂಳೆಗಳು ಕಾಣಿಸಿಕೊಳ್ಳುತ್ತವೆ. ಲೂನೇಟ್ ಕಾಣುವುದು ಸುಮಾರು ನಾಲ್ಕನೆಯ ವರ್ಷಕ್ಕೆ, ಕೊನೆಯದು ಎಂಟರಿಂದ ಹನ್ನೆರಡರ ನಡುವೆ. ಮಣಿಕಟ್ಟಿನಿಂದ ವಯಸ್ಸು ಹೇಳುವ ವಿದ್ಯೆಗೆ ಇದೂ ಒಂದು ಆಧಾರ. ಮಗನನ್ನು ಹದಿನಾರರೊಳಗಿನವರ ಕ್ರಿಕೆಟ್ಟಿಗೆ ಕಳಿಸುವ ವಡೋದರಾದ ತಂದೆತಾಯಿಗಳಿಗೆ ಈ ಎಕ್ಸ್‌ರೇ ಹೊಸದಲ್ಲ.

ಲೂನೇಟ್ ಕೂತಿರುವ ಜಾಗವೇ ಕಷ್ಟದ್ದು. ಅಂಗೈ ಊರಿ ಭಾರ ಹಾಕಿದಾಗ ಮೇಲಿನ ಮೂಳೆಗಳಿಗೂ ಮುಂದೋಳಿನ ರೇಡಿಯಸ್ ಮೂಳೆಗೂ ನಡುವೆ ಅದು ಅಡಕೊತ್ತಿನಲ್ಲಿ ಅಡಿಕೆ ಸಿಕ್ಕಂತೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ರಕ್ತ ತರುವ ನಾಳಗಳೂ ಸಣ್ಣವು; ಕೆಲವರಲ್ಲಿ ಒಂದೇ ಕಡೆಯಿಂದ ಬರುತ್ತವೆ. ಮುಂದೋಳಿನ ಎರಡು ಮೂಳೆಗಳಲ್ಲಿ ಅಲ್ನಾ ಗಿಡ್ಡವಾಗಿದ್ದರೆ ಭಾರವೆಲ್ಲ ರೇಡಿಯಸ್ಸಿನ ಕಡೆಗೇ ವಾಲಿ ಲೂನೇಟ್ ಇನ್ನಷ್ಟು ಜಜ್ಜುತ್ತದೆ ಎಂದು ಸ್ವೀಡನ್ನಿನ ಹುಲ್ಟೆನ್ 1928ರಲ್ಲೇ ತೋರಿಸಿದ. ಹೀಗೆ ಹಲವು ಸಂಗತಿಗಳು ಕೂಡಿ ಬರುತ್ತವೆಯೇ ಹೊರತು ಇದೇ ಕಾರಣವೆಂದು ಒಂದನ್ನೇ ಬೊಟ್ಟು ಮಾಡಿ ಹೇಳುವಂತಿಲ್ಲ. ಇದು ಹೆಚ್ಚಾಗಿ ಬರುವುದು ಇಪ್ಪತ್ತರಿಂದ ನಲವತ್ತರ ಗಂಡಸರಿಗೆ, ಅದರಲ್ಲೂ ಕೈಕಸುಬಿನವರಿಗೆ. ಮಕ್ಕಳಲ್ಲಿ ವಿರಳ. ವಿರಳವೆಂಬುದರಿಂದಲೇ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ ಎನ್ನುವುದು ಬೇರೆ ಮಾತು.

ಲಕ್ಷಣಗಳು ಇಷ್ಟೆ: ಮಣಿಕಟ್ಟಿನ ಹಿಂಬದಿಯಲ್ಲಿ, ಸರಿಯಾಗಿ ನಡುವೆ, ಒತ್ತಿದರೆ ನೋವು, ಸ್ವಲ್ಪ ಊತ, ಕೈಯನ್ನು ಹಿಂದಕ್ಕೆ ಬಗ್ಗಿಸಲಾಗದು, ಹಿಡಿತ ಸಡಿಲ. ಬಾಟಲಿಯ ಮುಚ್ಚಳ ತೆಗೆಯಲಾಗದ, ದಂಡ ಹೊಡೆಯಲಾಗದ ಹುಡುಗನನ್ನು ನಾವು ಸೋಮಾರಿ ಎನ್ನುತ್ತೇವೆ. ಬಿದ್ದ ನೆನಪು ಇರಬಹುದು, ಇಲ್ಲದಿರಲೂಬಹುದು. ಜಿಮ್ನಾಸ್ಟಿಕ್ಸ್, ಟೆನಿಸ್, ಮಲ್ಲಕಂಬ ಮಾಡುವ ಮಕ್ಕಳ ಬಗ್ಗೆ ಹೆಚ್ಚು ಗಮನವಿರಲಿ. ಜುಮ್ಮಾದಾದಾ ವ್ಯಾಯಾಮ ಮಂದಿರದಂಥ ಸಂಸ್ಥೆಗಳಿರುವ ಊರು ನಮ್ಮದು. ವ್ಯಾಯಾಮ ಬಿಡಿಸಿ ಎಂದು ನಾನು ಖಂಡಿತ ಹೇಳುತ್ತಿಲ್ಲ.

ಮೂರು ವಾರ ದಾಟಿದ ಮಣಿಕಟ್ಟಿನ ನೋವನ್ನು ಮೂಳೆ ತಜ್ಞರಿಗೆ ತೋರಿಸಬೇಕು. ಫತೇಗಂಜಿನವರಿಗೆ ಸಯಾಜಿ ಆಸ್ಪತ್ರೆ ದೂರವೇನಲ್ಲ. ಬರೋಡಾ ವೈದ್ಯಕೀಯ ಕಾಲೇಜು 1949ರಿಂದ ಇದೆ, ಅದರ ಮೂಳೆ ವಿಭಾಗವೂ ಅಲ್ಲೇ. ಕಾಯಿಲೆಯ ಮೊದಲ ಹಂತದಲ್ಲಿ ಎಕ್ಸ್‌ರೇ ಪೂರ್ತಿ ಸಹಜವಾಗಿಯೇ ಇರುತ್ತದೆ. ‘ಎಕ್ಸ್‌ರೇ ಸರಿಯಿದೆ, ಏನೂ ಇಲ್ಲ’ ಎಂದು ಮನೆಗೆ ಬಂದು ನೋವು ನಿಲ್ಲದಿದ್ದರೆ ಮತ್ತೆ ಹೋಗಿ ಕೇಳಲು ಸಂಕೋಚ ಪಡಬಾರದು. ಆಗ ಎಂ.ಆರ್.ಐ. ಮಾಡಿಸಿದರೆ ರಕ್ತ ಕಡಿಮೆಯಾದದ್ದು ಕಾಣುತ್ತದೆ. ಎರಡನೆಯ ಹಂತದಲ್ಲಿ ಮೂಳೆ ಎಕ್ಸ್‌ರೇಯಲ್ಲಿ ಸುತ್ತಲಿನವಕ್ಕಿಂತ ಬಿಳಿಯಾಗಿ ಕಾಣುತ್ತದೆ, ಮೂರರಲ್ಲಿ ಕುಸಿಯುತ್ತದೆ, ನಾಲ್ಕರಲ್ಲಿ ಸುತ್ತಲಿನ ಕೀಲುಗಳೂ ಸವೆಯುತ್ತವೆ.

ಸಮಾಧಾನದ ಸಂಗತಿಯೆಂದರೆ ಮಕ್ಕಳ ಮೂಳೆ ದೊಡ್ಡವರದರಂತಲ್ಲ. ಬೆಳೆಯುವ ಮೂಳೆಗೆ ರಕ್ತನಾಳಗಳು ಮತ್ತೆ ಹಬ್ಬುತ್ತವೆ. ಸ್ವಲ್ಪ ಚಪ್ಪಟೆಯಾದ ಲೂನೇಟ್ ಕೂಡ ಎಷ್ಟೋ ವೇಳೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಕತ್ತಿಯ ಕೆಲಸವೇ ಇಲ್ಲ. ಪ್ಲಾಸ್ಟರ್ ಅಥವಾ ಪಟ್ಟಿ ಹಾಕಿ ಮಣಿಕಟ್ಟಿಗೆ ಕೆಲವು ತಿಂಗಳು ವಿಶ್ರಾಂತಿ ಕೊಡುವುದೇ ಚಿಕಿತ್ಸೆ. ಹದಿಹರೆಯದವರಿಗೂ ಮೊದಲ ಪ್ರಯತ್ನ ಹೆಚ್ಚಾಗಿ ಇದೇ. ಕೇಳಲು ಸುಲಭ, ನಡೆಸಲು ಕಷ್ಟ! ನೋವು ಬೇಗ ಹೋಗುತ್ತದೆ, ಮೂಳೆ ನಿಧಾನವಾಗಿ ತುಂಬುತ್ತದೆ. ನೋವಿಲ್ಲದ ಹುಡುಗ ಪ್ಲಾಸ್ಟರ್ ತೆಗೆಯಿರಿ ಎಂದು ಹಟ ಹಿಡಿಯುತ್ತಾನೆ, ತಾಯಿಯ ಮನಸ್ಸು ಕರಗುತ್ತದೆ. ಪಟ್ಟಿಯನ್ನು ಯಾವಾಗ ಬಿಚ್ಚಬೇಕೆಂದು ಹೇಳುವವರು ವೈದ್ಯರು, ಮುಂದಿನ ಚಿತ್ರಗಳನ್ನು ನೋಡಿ.

ಬೆಳವಣಿಗೆ ಮುಗಿಯುತ್ತ ಬಂದ ಹುಡುಗರಲ್ಲಿ ವಿಶ್ರಾಂತಿಯಿಂದ ಗುಣ ಕಾಣದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ರೇಡಿಯಸ್ ಮೂಳೆಯನ್ನು ಎರಡು ಮೂರು ಮಿಲಿಮೀಟರಿನಷ್ಟು ಗಿಡ್ಡ ಮಾಡಿ ಲೋಹದ ಪಟ್ಟಿಯಿಂದ ಕೂಡಿಸುವುದು ಒಂದು ವಿಧಾನ. ರೋಗ ಲೂನೇಟಿನಲ್ಲಿ, ಕತ್ತರಿ ರೇಡಿಯಸ್ಸಿಗೆ ಎಂದು ಆಶ್ಚರ್ಯವಾಗಬಹುದು. ಅಡಕೊತ್ತನ್ನು ಸಡಿಲಿಸಿದರೆ ಅಡಿಕೆ ಉಳಿಯುತ್ತದೆ, ಅಷ್ಟೆ. ಇನ್ನೊಂದು ವಿಧಾನದಲ್ಲಿ ಪಕ್ಕದ ಮೂಳೆಗಳನ್ನು ತಂತಿ ಹಾಕಿ ಕೆಲಕಾಲ ಬಿಗಿದು ಭಾರವನ್ನು ಬೇರೆ ದಾರಿಗೆ ತಿರುಗಿಸುತ್ತಾರೆ, ಆಮೇಲೆ ತಂತಿ ತೆಗೆಯುತ್ತಾರೆ. ಮೂಳೆಯ ತುದಿಯ ಬೆಳವಣಿಗೆಯ ಪದರ ಇನ್ನೂ ತೆರೆದಿದ್ದರೆ ಅದಕ್ಕೆ ಪೆಟ್ಟಾಗದಂತೆ ನೋಡಬೇಕಾಗುತ್ತದೆ. ಹಾಗಾಗಿ ಕೈಯ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರ ಎರಡನೆಯ ಅಭಿಪ್ರಾಯ ಪಡೆಯುವುದು ತಪ್ಪಲ್ಲ.

ಮಣಿಕಟ್ಟಿನ ನೋವೆಲ್ಲ ಕೀನ್‌ಬೋಕ್ ಅಲ್ಲ ಎನ್ನುವುದನ್ನೂ ಹೇಳಬೇಕು. ಮಣಿಕಟ್ಟು ಅಗಲವಾಗಿ ಊದಿಕೊಂಡಂತಿದ್ದರೆ ಡಿ ಜೀವಸತ್ವದ ಕೊರತೆಯ ರಿಕೆಟ್ಸ್ ಇರಬಹುದು. ಇಷ್ಟು ಬಿಸಿಲಿನ ನಾಡಿನಲ್ಲೂ ಅದು ಇದೆ. ಕ್ಷಯ ಮೂಳೆಗೂ ಬರುತ್ತದೆ. ಜ್ವರದೊಡನೆ ಕೆಂಪಗೆ ಊದಿದರೆ ಮೂರು ವಾರವಲ್ಲ, ಮೂರು ದಿನವೂ ಕಾಯಬಾರದು. ದಕ್ಷಿಣ ಮತ್ತು ಪೂರ್ವ ಗುಜರಾತಿನ ಆದಿವಾಸಿ ಜನರಲ್ಲಿ ಹೆಚ್ಚಾಗಿರುವ ಸಿಕಲ್ ಸೆಲ್ ರಕ್ತದೋಷವೂ ಮೂಳೆಗಳಿಗೆ ರಕ್ತ ಕಟ್ಟಿಸುತ್ತದೆ. ಅದರ ನಿರ್ಮೂಲನೆಗೆ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನ ಆರಂಭಿಸಿತು. ಬೇರೆ ಕಾಯಿಲೆಗಾಗಿ ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಂಡ ಮಕ್ಕಳ ವಿಷಯವನ್ನು ಮೂಳೆ ವೈದ್ಯರಿಗೆ ಮರೆಯದೆ ತಿಳಿಸಿ, ಆದರೆ ಔಷಧವನ್ನು ನೀವಾಗಿ ನಿಲ್ಲಿಸಬೇಡಿ. ಉತ್ತರಾಯಣದಲ್ಲಿ ಪತಂಗದ ಹಿಂದೆ ಓಡಿ ಅಂಗೈ ಊರಿ ಬಿದ್ದ ಹುಡುಗನಿಗೆ ಹೆಬ್ಬೆರಳಿನ ಬುಡದ ಕುಳಿಯಲ್ಲಿ ನೋವಿದ್ದರೆ ಅದು ಸ್ಕಾಫಾಯ್ಡ್ ಮೂಳೆಯ ಬಿರುಕಾಗಿರಬಹುದು. ಅದೂ ಮೊದಲ ದಿನದ ಎಕ್ಸ್‌ರೇಯಲ್ಲಿ ಅಡಗಿಕೊಳ್ಳುತ್ತದೆ. ಪಟ್ಟಿ ಹಾಕಿ ಹತ್ತು ಹದಿನಾಲ್ಕು ದಿನಗಳ ನಂತರ ಮತ್ತೊಮ್ಮೆ ತೆಗೆಸುತ್ತಾರೆ.

ಇನ್ನು ಉಳಿದದ್ದು ಪರೀಕ್ಷೆಯ ಚಿಂತೆ. ಹತ್ತನೆಯ ತರಗತಿಯ ಹುಡುಗಿಗೆ ಬಲಗೈ ಪ್ಲಾಸ್ಟರಿನಲ್ಲಿದ್ದರೆ ಮನೆಯವರೆಲ್ಲ ಮೂಳೆಯನ್ನು ಮರೆತು ಅಂಕಗಳ ಬಗ್ಗೆ ಅಳುತ್ತಾರೆ. ಕೈಗೆ ಪೆಟ್ಟಾದವರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ಬರೆಯುವವರ ನೆರವು ಕೊಡಲು ಸಿ.ಬಿ.ಎಸ್.ಇ. ನಿಯಮಗಳಲ್ಲಿ ಅವಕಾಶವಿದೆ. ಗುಜರಾತ್ ಮಂಡಳಿಯ ಶಾಲೆಯವರು ಮುಖ್ಯೋಪಾಧ್ಯಾಯರನ್ನು ಪ್ಲಾಸ್ಟರ್ ಹಾಕಿಸಿದ ವಾರದಲ್ಲೇ ಕಂಡು ಮಾತಾಡಿ. ಪರೀಕ್ಷೆಯ ಹಿಂದಿನ ದಿನ ಓಡಾಡಿದರೆ ಯಾರೂ ಸಿಕ್ಕುವುದಿಲ್ಲ.