ನಿಮಗಿದು ಗೊತ್ತೇ? ಚಟಕ್ಕೂ ಮದ್ದಿದೆ

● ಕುಡಿತ ಬಿಡಿಸುವ ಡೈಸಲ್ಫಿರಾಮ್ ಮೊದಲು ರಬ್ಬರ್ ಕಾರ್ಖಾನೆಯಲ್ಲಿ ಬಳಕೆಯಲ್ಲಿದ್ದ ರಾಸಾಯನಿಕ. 1940ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ ಮತ್ತು ಎರಿಕ್ ಯಾಕೋಬ್ಸನ್, ಹೊಟ್ಟೆಹುಳುವಿಗೆ ಮದ್ದಾದೀತೇ ಎಂದು ಅದನ್ನು ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಮುಟ್ಟಿದಾಗಲೆಲ್ಲ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಹೊಟ್ಟೆ ತೊಳಸತೊಡಗಿತು. ಗುಟ್ಟು ಸಿಕ್ಕಿದ್ದು ಹೀಗೆ.

ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಚೀಟಿ ನೀವೂ ನೋಡಿರುತ್ತೀರಿ. ಬೇಸತ್ತ ಹೆಂಡತಿಯೋ ತಾಯಿಯೋ ಆ ಚೀಟಿಯವರು ಕೊಡುವ ಪುಡಿಯನ್ನು ಸಾರಿಗೆ ಬೆರೆಸಿ ಬಡಿಸುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಅದರಲ್ಲಿ ಡೈಸಲ್ಫಿರಾಮ್ ಇದ್ದು, ಅರಿಯದೆ ಆತ ಕುಡಿದುಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ದಯವಿಟ್ಟು ಬೇಡ. ಈ ಮಾತ್ರೆ ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ನುಂಗುವಂಥದ್ದು.

● ವರ್ಷಗಟ್ಟಲೆ ದಿನವೂ ಕುಡಿದವರು ‘ಇವತ್ತಿಂದ ಮುಟ್ಟಲ್ಲ’ ಎಂದು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಬಡಬಡಿಕೆ ಕಾಣಿಸಿಕೊಳ್ಳಬಹುದು. ಅದು ನಾಟಕವಲ್ಲ, ಆಸ್ಪತ್ರೆಗೆ ಓಡಬೇಕಾದ ಹೊತ್ತು.

● ನಾಲ್ಟ್ರೆಕ್ಸೋನ್ ಮಾತ್ರೆಯ ದಾರಿ ಬೇರೆ. ಕುಡಿದರೆ ಹಿಂಸೆ ಕೊಡುವುದಿಲ್ಲ, ಕುಡಿತದ ಸುಖವನ್ನೇ ಸಪ್ಪೆ ಮಾಡುತ್ತದೆ. ಅಮೆರಿಕ 1994ರಲ್ಲೇ ಇದನ್ನು ಮದ್ಯದ ಚಟಕ್ಕೆ ಒಪ್ಪಿತು. ಇಷ್ಟು ವರ್ಷವಾದರೂ ಬೇಕಾದವರ ಕಿವಿಗೆ ಈ ಹೆಸರು ಬಿದ್ದಿಲ್ಲವಲ್ಲ ಎಂಬುದೇ ನನ್ನ ನೋವು.

● ಅಮೆರಿಕದ ಮರುಭೂಮಿಯಲ್ಲಿ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಿದೆ. ಊಟ ಮಾಡುವುದೇ ಅಪರೂಪ. 1992ರಲ್ಲಿ ಜಾನ್ ಎಂಗ್ ಎಂಬ ವೈದ್ಯರು ಅದರ ವಿಷದಲ್ಲಿ ಒಂದು ವಸ್ತು ಪತ್ತೆಹಚ್ಚಿದರು. ನಮ್ಮ ಕರುಳಿನ ಜಿಎಲ್‌ಪಿ-1 ಹಾರ್ಮೋನಿನ ಕೆಲಸವನ್ನೇ ಅದೂ ಮಾಡುತ್ತದೆ. ನಮ್ಮದು ಒಂದೆರಡು ನಿಮಿಷದಲ್ಲಿ ಕರಗಿಹೋದರೆ ಹಲ್ಲಿಯದು ಗಂಟೆಗಟ್ಟಲೆ ಉಳಿಯುತ್ತದೆ. 2005ರಲ್ಲಿ ಅದೇ ಎಕ್ಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಚುಚ್ಚುಮದ್ದಾಯಿತು. ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಹಲ್ಲಿಯಿಂದ ಬಂದದ್ದಲ್ಲವಾದರೂ ಅದೇ ಬಳಗದ್ದು, ವಾರಕ್ಕೊಂದು ಚುಚ್ಚು ಸಾಕು.

ಚಟಕ್ಕೂ ಇದಕ್ಕೂ ಏನು ನಂಟು? ಸಕ್ಕರೆಗೆಂದು, ತೂಕಕ್ಕೆಂದು ಚುಚ್ಚಿಸಿಕೊಂಡವರಲ್ಲಿ ಹಲವರು ‘ಕುಡಿಯಬೇಕು ಅನ್ನಿಸುತ್ತಲೇ ಇಲ್ಲ’ ಎಂದರು. 2025ರಲ್ಲಿ ಪ್ರಕಟವಾದ ಒಂಬತ್ತು ವಾರಗಳ, 48 ಮಂದಿಯ ಪುಟ್ಟ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರಿಗೆ ಕುಡಿಯುವ ತವಕ ಇಳಿಯಿತು, ಕುಡಿದ ದಿನವೂ ಅಳತೆ ತಗ್ಗಿತು. ಎಷ್ಟು ದಿನ ಕುಡಿದರು ಎಂಬುದು ಮಾತ್ರ ಹೆಚ್ಚು ಬದಲಾಗಲಿಲ್ಲ. 48 ಜನರ ಮಾತು ನಂಬಿ ಮೆಡಿಕಲ್ ಶಾಪಿಗೆ ಹೋಗುವಂತಿಲ್ಲ, ದೊಡ್ಡ ಪ್ರಯೋಗಗಳು ಮುಗಿಯಲಿ.

● ಸಿಗರೇಟು ಬಿಡಿಸುವ ಸೈಟಿಸಿನ್ ಲ್ಯಾಬರ್ನಮ್ ಮರದಿಂದ ಬಂದದ್ದು. ಬಲ್ಗೇರಿಯಾದಲ್ಲಿ 1964ರಿಂದಲೇ ಮಾರಾಟದಲ್ಲಿತ್ತು, ಬ್ರಿಟನ್ನಿಗೆ ತಲುಪಿದ್ದು 2024ರಲ್ಲಿ! ನಮ್ಮ ಕಕ್ಕೆಯನ್ನೂ ‘ಇಂಡಿಯನ್ ಲ್ಯಾಬರ್ನಮ್’ ಎನ್ನುವುದುಂಟು, ಅದರದೂ ಹಳದಿ ಗೊಂಚಲೇ. ಆದರೆ ಎರಡೂ ಬೇರೆ ಬೇರೆ ಮರ. ಲ್ಯಾಬರ್ನಮ್ ಬೀಜವಂತೂ ವಿಷ.

● ತಲೆಯ ಮೇಲೆ ಸುರುಳಿ ಇಟ್ಟು ಅಯಸ್ಕಾಂತದ ಮಿಡಿತಗಳಿಂದ ಮಿದುಳನ್ನು ತಟ್ಟುವ ಟಿಎಂಎಸ್ ಚಿಕಿತ್ಸೆಯನ್ನು ಅಮೆರಿಕ 2020ರಲ್ಲಿ ಧೂಮಪಾನ ಬಿಡಿಸಲೂ ಒಪ್ಪಿತು. ಕೊಯ್ಯುವುದಿಲ್ಲ, ಅರಿವಳಿಕೆ ಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿಎಂಎಸ್ ಮಾನಸಿಕ ಕಾಯಿಲೆಗಳಿಗೆ ಬಳಕೆಯಲ್ಲಿದೆ.

● ಹೆರಾಯಿನ್ ಚಟಕ್ಕೆ ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ನಮ್ಮ ಸರ್ಕಾರಿ ಕೇಂದ್ರಗಳಲ್ಲೂ ಇದೆ. ತಿಂಗಳಿಗೊಂದೇ ಚುಚ್ಚಿನ ರೂಪಕ್ಕೆ ಅಮೆರಿಕ 2017ರಲ್ಲಿ ಒಪ್ಪಿಗೆ ಕೊಟ್ಟಿತು. ನಿತ್ಯ ಸಾಲಿನಲ್ಲಿ ನಿಲ್ಲುವ ಕೂಲಿಯವನಿಗೆ ಇದರ ಬೆಲೆ ಗೊತ್ತು.

● ಚಟ ಬಿಡಲು ಸಹಾಯ ಬೇಕೆನಿಸಿದರೆ 14446, ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ ಮಾನಸ್‌ನ 14416. ಎರಡಕ್ಕೂ ಕಾಸಿಲ್ಲ. ಟೆಲಿ ಮಾನಸ್‌ನಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರೇ ಕರೆ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.