ಹುಳದ ಮುಖ ನೋಡಲು ಎಷ್ಟು ದುಡ್ಡು ಬೇಕು?

ನಾನು ಕಡೂರು ಸೀಮೆಯ ಒಣಬೇಸಾಯದ ರೈತ. ರಾಗಿ, ಮುಸುಕಿನ ಜೋಳ, ಅಕ್ಕಡಿ ಸಾಲಿನಲ್ಲಿ ಅವರೆ, ಹಿಂಗಾರಿಗೆ ಹುರುಳಿ. ಓದಿದ್ದು ಏಳನೇ ಕ್ಲಾಸು. ಇಂಥವನು ಕ್ಯಾಮರಾ ಲೆನ್ಸಿನ ಬಗ್ಗೆ ಬರೆಯಲು ಹೊರಟನಲ್ಲ ಅಂತ ನಗಬೇಡಿ. ಮೊದಲು ನಷ್ಟದ ಕತೆ ಹೇಳ್ತೀನಿ, ಆಮೇಲೆ ಲೆನ್ಸಿಗೆ ಬರ್ತೀನಿ.

2019ರ ಮುಂಗಾರಿನಲ್ಲಿ ನಮ್ಮ ಒಂದೂವರೆ ಎಕರೆ ಜೋಳದ ಸುಳಿಗೆ ಹುಳ ಬಿತ್ತು. ಎಲೆ ತುಂಬ ತೂತು, ಸುಳಿಯೊಳಗೆ ಮರದ ಪುಡಿಯಂಥ ಹಿಕ್ಕೆ. ಮೊಬೈಲಿನಲ್ಲಿ ಫೋಟೋ ಹೊಡೆದು ಪರಿಚಯದ ವಿಜ್ಞಾನಿಯೊಬ್ಬರಿಗೆ ಕಳಿಸಿದೆ. "ಹುಳ ಮಸುಕಾಗಿದೆ. ತಲೆ, ಬಾಲ ಕಾಣುವ ಹಾಗೆ ತೆಗೆದು ಕಳಿಸಿ" ಅಂದರು. ನಾಲ್ಕು ಸಲ ತೆಗೆದೆ. ನಾಲ್ಕು ಸಲವೂ ಎಲೆ ಚೆನ್ನಾಗಿ ಬಂತು, ಹುಳ ಬರಲಿಲ್ಲ. ಹೀಗೇ ಮೂರು ದಿನ ಹೋಯಿತು. ತಡೆಯಲಾರದೆ ಅಂಗಡಿಯಲ್ಲಿ ಕಾಂಡಕೊರಕಕ್ಕೆ ಅಂತ ಕೊಟ್ಟದ್ದನ್ನು ತಂದು ಹೊಡೆದೆ. ಔಷಧಿ, ಕೂಲಿ ಸೇರಿ 3,200 ರೂಪಾಯಿ. ಹುಳಕ್ಕೆ ಏನೂ ಆಗಲಿಲ್ಲ. ಬೆಳೆ ಅರ್ಧಕ್ಕೆ ಇಳಿಯಿತು.

ಅದು ಫಾಲ್ ಸೈನಿಕ ಹುಳು. ಮೂಲ ಅಮೆರಿಕ ಖಂಡ. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಗುರುತು ಸುಲಭ. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದ ಹಾಗೆ ಬಿಳಿ ಗೆರೆ. ಬಾಲದ ಹತ್ತಿರ, ಕೊನೆಯಿಂದ ಎರಡನೇ ಉಂಗುರದ ಮೇಲೆ, ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಇಷ್ಟು ಕಂಡಿದ್ದರೆ ಸಾಕಿತ್ತು. ನನ್ನ ಫೋಟೋದಲ್ಲಿ ಅದೇ ಕಾಣಲಿಲ್ಲ.

ಕ್ಯಾಮರಾ ಬಂತು, ಹುಳ ಬರಲಿಲ್ಲ

ನನ್ನ ತಮ್ಮನ ಮಗ ಮದುವೆ ಫೋಟೋ ತೆಗೆಯುತ್ತಾನೆ. ಅವನು ಹೊಸ ಕ್ಯಾಮರಾಕ್ಕೆ ಹೋದಾಗ ಹಳೆಯ ನಿಕಾನ್ ಡಿ 3200 ಕ್ಯಾಮರಾವನ್ನು ಅದರ ಜೊತೆ ಬಂದಿದ್ದ 18-55 ಲೆನ್ಸ್ ಸಮೇತ ನನಗೆ 9,000ಕ್ಕೆ ಕೊಟ್ಟ. ದೊಡ್ಡ ಕ್ಯಾಮರಾ ಬಂದರೆ ಹುಳ ತಾನಾಗಿ ದೊಡ್ಡದಾಗಿ ಬರುತ್ತೆ ಅಂತ ನಾನು ತಿಳಿದಿದ್ದೆ. ಬರಲಿಲ್ಲ. ಹತ್ತಿರ ಹೋದರೆ ಫೋಕಸ್ಸೇ ಆಗದು.

"ಮ್ಯಾಕ್ರೋ ಲೆನ್ಸ್ ಬೇಕು ದೊಡ್ಡಪ್ಪ" ಅಂದ. ಬೆಲೆ ಕೇಳಿದೆ. ಅವನ ಹತ್ತಿರ ಇದ್ದ ಟ್ಯಾಮ್ರಾನ್ 90 ಎಂ.ಎಂ. ಲೆನ್ಸಿಗೆ ಸೆಕೆಂಡ್ ಹ್ಯಾಂಡ್‌ನಲ್ಲೇ 14,000 ಕೊಟ್ಟಿದ್ದನಂತೆ. ನನ್ನ ಎರಡು ಎಕರೆ ರಾಗಿಯ ಉಳುಮೆ, ಬಿತ್ತನೆ, ಗೊಬ್ಬರ ಎಲ್ಲ ಆ ದುಡ್ಡಿನಲ್ಲಿ ಆಗುತ್ತೆ. ಸುಮ್ಮನಾದೆ.

ದೇವರಮನೆ ಗುಡ್ಡದಲ್ಲಿ ಪರೀಕ್ಷೆ

ಮಗಳನ್ನು ಕೊಟ್ಟಿರುವುದು ಮೂಡಿಗೆರೆ ತಾಲ್ಲೂಕಿಗೆ, ದೇವರಮನೆ ಗುಡ್ಡದ ಕೆಳಗಿನ ಊರಿಗೆ. ಅಳಿಯನಿಗೆ ಮೂರೆಕರೆ ಕಾಫಿ. ಕಳೆದ ಏಪ್ರಿಲಿನಲ್ಲಿ, ನಮ್ಮ ಕಡೆ ಇನ್ನೂ ಉಳುಮೆಗೆ ಮಳೆ ಬೀಳದೆ ಕೈ ಖಾಲಿ ಇದ್ದಾಗ, ನಾಲ್ಕು ದಿನ ಅಲ್ಲಿಗೆ ಹೋಗಿದ್ದೆ. ತಮ್ಮನ ಮಗನೂ ಜೊತೆಗೆ ಬಂದ. ಮದುವೆ ಗಂಡು ಹೆಣ್ಣಿನ ಫೋಟೋಗೆ ಗುಡ್ಡದಲ್ಲಿ ಜಾಗ ನೋಡಬೇಕಿತ್ತು ಅವನಿಗೆ. ಬ್ಯಾಗಿನಲ್ಲಿ ಅವನ ಲೆನ್ಸು, ರಿಂಗುಗಳೆಲ್ಲ ಇದ್ದವು.

ಬೆಳಗ್ಗೆ ಎದ್ದು ಕಾಲಭೈರವೇಶ್ವರನಿಗೆ ಕೈ ಮುಗಿದು, ದೇವಸ್ಥಾನದ ಮೇಲಿನ ಹುಲ್ಲುಗುಡ್ಡಕ್ಕೆ ಹತ್ತಿದೆವು. ಮಂಜು ಬಂದು ಬಂದು ಹೋಗುತ್ತಿತ್ತು. ಗಾಳಿ ಅಂದರೆ ಗಾಳಿ. ಹುಲ್ಲಿನ ಎಳೆಯೊಂದರ ಮೇಲೆ ಕೂತ ಸಣ್ಣ ಮಿಡತೆಯೇ ನಮ್ಮ ಪರೀಕ್ಷೆಯ ಹುಳ. ಜೊತೆಗೆ ಮೊಮ್ಮಗಳ ಜಾಮಿಟ್ರಿ ಬಾಕ್ಸಿನ ಆರಿಂಚಿನ ಸ್ಕೇಲು.

ಸ್ಕೇಲು ಏಕೆ? ಇದೊಂದು ಉಪಾಯ ನೆನಪಿಡಿ. ನನ್ನ ಕ್ಯಾಮರಾದೊಳಗೆ ಚಿತ್ರ ಬೀಳುವ ಸೆನ್ಸರಿನ ಅಗಲ ಸುಮಾರು 23 ಮಿ.ಮೀ. ಸ್ಕೇಲಿನ ಫೋಟೋ ತೆಗೆದಾಗ ಈ ತುದಿಯಿಂದ ಆ ತುದಿಗೆ 23 ಮಿ.ಮೀ. ಮಾತ್ರ ಹಿಡಿಸಿದರೆ ಅದು ಒಂದಕ್ಕೆ ಒಂದು, ಅಂದರೆ ಜೀವಗಾತ್ರ. ನಿಜವಾದ ಮ್ಯಾಕ್ರೋ ಅಂದರೆ ಇದೇ. ಲೆನ್ಸಿನ ಮೇಲೆ ಮ್ಯಾಕ್ರೋ ಅಂತ ಬರೆದಿದ್ದರೂ ನಂಬಬೇಡಿ, ಸ್ಕೇಲಿಟ್ಟು ನೋಡಿ. ಕೆಲವು ಜೂಮ್ ಲೆನ್ಸಿಗೆ ಹೆಸರಷ್ಟೇ ಮ್ಯಾಕ್ರೋ. ನಾವು ಒಂದೊಂದಾಗಿ ಹಾಕಿ ನೋಡಿದ್ದು ಹೀಗೆ.

ಬರೀ 18-55: ಎಷ್ಟೇ ಹತ್ತಿರ ಹೋದರೂ ಚಿತ್ರದಲ್ಲಿ ಏಳೂವರೆ ಸೆಂಟಿಮೀಟರ್ ಸ್ಕೇಲು. ಹೂವಿಗೆ, ಎಲೆಯ ರೋಗಕ್ಕೆ, ಕಾಯಿಗೆ ಸಾಕು. ಹುಳದ ತಲೆಗೆ ಸಾಲದು.

ಕ್ಲೋಸ್-ಅಪ್ ಫಿಲ್ಟರ್: ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಭೂತಗನ್ನಡಿ ಅಂದುಕೊಳ್ಳಿ. ನಾಲ್ಕರ ಸೆಟ್ಟಿಗೆ 600 ರೂಪಾಯಿ. ನಾಲ್ಕನೇ ನಂಬರಿನದು ಹಾಕಿದಾಗ ಸುಮಾರು 4 ಸೆಂ.ಮೀ. ಬಂತು. ಒಂದರ ಮೇಲೊಂದು ಹಾಕಿದರೆ ಇನ್ನೂ ದೊಡ್ಡದಾಗುತ್ತೆ, ಆದರೆ ಅಂಚು ಕಲಸಿದ ಹಾಗೆ ಕಾಣುತ್ತೆ. ಬೆಳಕು ಕಡಿಮೆಯಾಗದು, ಫೋಕಸ್ಸೂ ತಾನೇ ಆಗುತ್ತೆ, ಅದೊಂದು ಅನುಕೂಲ. ಕೊಳ್ಳುವಾಗ ಲೆನ್ಸಿನ ಬಾಯಿಯ ಅಳತೆ ನೋಡಿ. ನನ್ನದು 52.

ರಿವರ್ಸ್ ರಿಂಗ್: 250 ರೂಪಾಯಿಯ ಒಂದು ಉಂಗುರ. ಇರುವ ಲೆನ್ಸನ್ನೇ ಹಿಂದು ಮುಂದು ತಿರುಗಿಸಿ ಕೂರಿಸುವುದು. 18ರ ತುದಿಗೆ ಇಟ್ಟಾಗ ಸ್ಕೇಲಿನ ಎಂಟು ಮಿಲಿಮೀಟರ್ ಚಿತ್ರವನ್ನೆಲ್ಲ ತುಂಬಿತು! ಮಿಡತೆಯ ಕಣ್ಣು ಹುರುಳಿಕಾಳಿನ ಹಾಗೆ ಬಂತು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡದು ಬೇರೆ ಯಾವುದರಲ್ಲೂ ಬಾರದು. ಆದರೆ ತೊಂದರೆ ಮೂರು. ಹುಳಕ್ಕೂ ಲೆನ್ಸಿಗೂ ಎರಡೇ ಬೆರಳು ಅಂತರ. ಲೆನ್ಸಿನ ಹಿಂಭಾಗ ಹೊರಗೆ ಬರುವುದರಿಂದ ಮಂಜಿನ ನೀರು, ಧೂಳು ಅದರ ಮೇಲೇ ಬೀಳುತ್ತೆ. ನಾನು ಎರಡು ಸಲ ಒರೆಸಬೇಕಾಯಿತು. ಮೂರನೆಯದು, ನಿಕಾನಿನ ಜಿ ಅಕ್ಷರದ ಲೆನ್ಸು ಕ್ಯಾಮರಾದಿಂದ ಬಿಚ್ಚಿದೊಡನೆ ಕಣ್ಣು ಮುಚ್ಚಿಕೊಳ್ಳುತ್ತೆ. ನೋಡಿದರೆ ಕತ್ತಲೆ. ಹಿಂದಿನ ಸಣ್ಣ ಹಿಡಿಯನ್ನು ಬೆರಳಲ್ಲಿ ಸರಿಸಿ ಹಿಡಿಯಬೇಕು, ಇಲ್ಲವೇ ಕಾಗದದ ಚೂರು ಸಿಕ್ಕಿಸಬೇಕು.

ಟ್ಯೂಬು ಮತ್ತು ಹಳೆಯ 50 ಎಂ.ಎಂ.: ಟ್ಯೂಬ್ ಅಂದರೆ ಕ್ಯಾಮರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಪೊಳ್ಳು ಉಂಗುರ. ಒಳಗೆ ಗಾಜಿಲ್ಲ, ಆದ್ದರಿಂದ ಗಾಜು ಕೆಟ್ಟದ್ದು ಅನ್ನುವ ಭಯವಿಲ್ಲ. ಲೆಕ್ಕವೂ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ನಂಬರಿನಿಂದ ಭಾಗಿಸಿ. 50ರ ಲೆನ್ಸಿಗೆ 50 ಮಿ.ಮೀ. ಟ್ಯೂಬ್ ಹಾಕಿದರೆ ಒಂದಕ್ಕೆ ಒಂದು. ನಮ್ಮ ಮೂರು ಉಂಗುರ ಸೇರಿ 65 ಮಿ.ಮೀ. ಇತ್ತು, ಚಿತ್ರದಲ್ಲಿ 16 ಮಿ.ಮೀ. ಸ್ಕೇಲು ಬಂತು. ಅಂತರ ಮೂರು ಬೆರಳು.

ಟ್ಯಾಮ್ರಾನ್ 90: ಸರಿಯಾಗಿ ಒಂದಕ್ಕೆ ಒಂದು. ಅರ್ಧ ಗೇಣು ದೂರದಿಂದ ತೆಗೆಯಬಹುದು. ಮಿಡತೆ ಹಾರಲಿಲ್ಲ. ಇದೇ ಎಲ್ಲಕ್ಕಿಂತ ಉತ್ತಮ, ಅದರಲ್ಲಿ ಸುಳ್ಳಿಲ್ಲ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಜೇನಿನಂಥ ಹಾರುವ ಜೀವಿ ಬೇಕಾದವರು ದುಡ್ಡು ಕೂಡಿಸಿ ಇಂಥದ್ದನ್ನೇ ತಗೊಳ್ಳಿ. ನಿಕಾನಿನ 40 ಎಂ.ಎಂ. ಮ್ಯಾಕ್ರೋ ಕೂಡ ಒಂದಕ್ಕೆ ಒಂದು ಕೊಡುತ್ತೆ. ಆದರೆ ಅದರಲ್ಲಿ ಹುಳಕ್ಕೂ ಲೆನ್ಸಿಗೂ ಉಳಿಯುವುದು ಮೂರೂವರೆ ಸೆಂಟಿಮೀಟರ್. ಹಿಗ್ಗಿಸುವುದು ಒಂದೇ ಆದರೂ ನಂಬರು ಹೆಚ್ಚಾದಷ್ಟೂ ದೂರ ನಿಲ್ಲಬಹುದು. ನೀವು ದುಡ್ಡು ಕೊಡುವುದು ಬಹುಮಟ್ಟಿಗೆ ಈ ದೂರಕ್ಕೆ.

ನಾನು ಕೊಂಡದ್ದು

ನಮ್ಮ ಬೆಳೆಯ ಶತ್ರುಗಳಲ್ಲಿ ಹೆಚ್ಚಿನವು ಹಾರಿ ಹೋಗುವಂಥವಲ್ಲ. ಸೈನಿಕ ಹುಳು, ಹೇನು, ಹಿಟ್ಟು ತಿಗಣೆ, ಕಾಯಿ ಕೊರೆಯುವ ಹುಳ, ಎಲ್ಲ ಕೂತಲ್ಲೇ ಕೂರುತ್ತವೆ. ಮೂರು ಬೆರಳು ಅಂತರ ಸಾಕು. ಆದ್ದರಿಂದ ನಾನು ಟ್ಯೂಬಿಗೆ ಹೋದೆ. ಟ್ಯೂಬ್ ಸೆಟ್ 450. ನಿಕಾನ್ 50 ಎಂ.ಎಂ. 1.8, ಡಿ ಅಕ್ಷರದ್ದು, ಸೆಕೆಂಡ್ ಹ್ಯಾಂಡ್ 3,800. ಒಟ್ಟು 4,250 ರೂಪಾಯಿ.

ಡಿ ಅಕ್ಷರವೇ ಏಕೆ? ಅದರ ಮೈಮೇಲೆ ಅಪರ್ಚರ್ ತಿರುಗಿಸುವ ಬಳೆ ಇದೆ. ಜಿ ಲೆನ್ಸಿಗೆ ಇಲ್ಲ. ಕಡಿಮೆ ಬೆಲೆಯ ಟ್ಯೂಬಿಗೆ ಕ್ಯಾಮರಾದ ಜೊತೆ ಮಾತಾಡುವ ತಂತಿ ಇರುವುದಿಲ್ಲ, ಹಾಗಾಗಿ ಬಳೆ ಇರಲೇಬೇಕು. ನನ್ನ ಕ್ಯಾಮರಾದಲ್ಲಿ ಬೆಳಕಿನ ಅಳತೆಯೂ ಆಗದು. ಎಂ ಗೆ ಇಟ್ಟು, ತೆಗೆದು, ಪರದೆಯಲ್ಲಿ ನೋಡಿ ತಿದ್ದಬೇಕು. ಎರಡು ದಿನದಲ್ಲಿ ಅಭ್ಯಾಸವಾಯಿತು. ಕ್ಯಾನನ್ ಇರುವವರು ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ತಗೊಳ್ಳಿ, ಅದರ ಲೆನ್ಸಿನ ಅಪರ್ಚರ್ ಕರೆಂಟಿನಿಂದಲೇ ನಡೆಯುವುದು. ಇಲ್ಲವಾದರೆ ಬಳೆ ಇರುವ ಹಳೆಯ ನಿಕಾನ್ ಲೆನ್ಸನ್ನು ಅಡಾಪ್ಟರ್ ಹಾಕಿ ಕ್ಯಾನನ್‌ಗೆ ಕೂರಿಸಬಹುದು.

ಈಗ ಸ್ಟುಡಿಯೋದವರು ಮಿರರ್‌ಲೆಸ್ ಕ್ಯಾಮರಾಕ್ಕೆ ಹೋಗುತ್ತಿದ್ದಾರೆ. ಹಳೆಯ ಲೆನ್ಸು ಅವರ ಬೀರುವಿನಲ್ಲಿ ಕೂತಿರುತ್ತೆ. ನಿಮ್ಮ ಪೇಟೆಯ ಫೋಟೋ ಅಂಗಡಿಯಲ್ಲಿ ಕೇಳಿ ನೋಡಿ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಹಳೆಯ ಲೆನ್ಸು ಕೊಳ್ಳುವಾಗ ಟಾರ್ಚ್ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಷ್ಟು, ಬಿಡಿ. ಮಲೆನಾಡಿನಲ್ಲಿ ಇದ್ದ ಲೆನ್ಸಾದರೆ ಎರಡು ಸಲ ನೋಡಿ. ಕೊಂಡ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಚರ್ಮದ ಚೀಲದಲ್ಲಿ ಮಳೆಗಾಲ ಕಳೆಯಬಾರದು.

ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಬರುವ ಆಳ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಅಪರ್ಚರ್ 11ಕ್ಕೆ ಇಡಿ. ಬಳೆ ತಿರುಗಿಸಿ ಫೋಕಸ್ ಮಾಡಲು ಹೋಗಬೇಡಿ, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ಓಲಾಡಿ. ಬೆಳಕು ಸಾಲದು, ಕ್ಯಾಮರಾದ ಫ್ಲಾಶ್ ಎತ್ತಿ. ಅದರ ಮುಂದೆ ಬಿಳಿ ಥರ್ಮೊಕೋಲ್ ತಟ್ಟೆಯ ತೆಳ್ಳನೆ ತುಂಡು ಹಿಡಿದರೆ ಬೆಳಕು ಮೆತ್ತಗಾಗುತ್ತೆ. ಗಾಳಿಗೆ ಅಲ್ಲಾಡುವ ಎಲೆಯನ್ನು ಬಟ್ಟೆ ಕ್ಲಿಪ್ಪಿನಲ್ಲಿ ಕಡ್ಡಿಗೆ ಕಚ್ಚಿಸಿ.

ತಪ್ಪಿದ ಸಿಂಪರಣೆ

ಗುಡ್ಡದಿಂದ ಇಳಿದ ಮಾರನೇ ದಿನ ಅಳಿಯ ಪಂಪು ತೊಳೆಯುತ್ತಿದ್ದರು. "ಹಿಟ್ಟು ತಿಗಣೆ ಜಾಸ್ತಿಯಾಗಿದೆ ಮಾವ, ನಾಲ್ಕು ಸಾಲಿಗೆ ಹೊಡೀಬೇಕು. ಬೆರಳು ತುದಿಯಷ್ಟು ದಪ್ಪ ಬೆಳೆದಿವೆ" ಅಂದರು. ಹೋಗಿ ನೋಡಿದೆ. ಕಾಯಿ ಗೊಂಚಲಿನ ನಡುವೆ ಬಿಳೀ ಹಿಟ್ಟಿನ ಉಂಡೆಗಳು. ಅದರಲ್ಲಿ ಕೆಲವು ಬಹಳ ದೊಡ್ಡವು, ಮೈ ತುಂಬ ಬಿಳಿ ದಾರ. ತಮ್ಮನ ಮಗನ 50 ಮತ್ತು ಟ್ಯೂಬ್ ಹಾಕಿ ಕೂತೆ. ಪರದೆಯಲ್ಲಿ ಹಿಗ್ಗಿಸಿದರೆ, ದೊಡ್ಡದಕ್ಕೆ ದಾರದ ಕೆಳಗೆ ಗಟ್ಟಿ ಕಾಲು ಕಂಡವು. ಚುರುಕಾಗಿ ನಡೆಯುತ್ತಿತ್ತು. ಬಾಯಿಯಲ್ಲಿ ಒಂದು ಸಣ್ಣ ತಿಗಣೆ!

"ಒಂದು ದಿನ ತಡೀರಿ" ಅಂದೆ. ಫೋಟೋವನ್ನು ಕಾಫಿ ಬಲ್ಲ ವಿಜ್ಞಾನಿಯೊಬ್ಬರಿಗೆ ಕಳಿಸಿದೆವು. ಸಂಜೆಗೇ ಉತ್ತರ ಬಂತು: ಇದು ತಿಗಣೆಯಲ್ಲ, ತಿಗಣೆ ತಿನ್ನುವ ಗುಲಗಂಜಿ ಹುಳದ ಮರಿ, ಕ್ರಿಪ್ಟೋಲೀಮಸ್. ಹೊಡೆಯಬೇಡಿ.

ಈ ಹುಳವನ್ನು ಕಾಫಿಯ ಹಸಿರು ಶಲ್ಕ ಕೀಟದ ಮೇಲೆ ಬಿಡಲೆಂದೇ 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದರಂತೆ. ನೂರಿಪ್ಪತ್ತೈದು ವರ್ಷಕ್ಕೂ ಮೇಲಾಯಿತು. ಅದರ ಮರಿ ನೋಡಲು ಶತ್ರುವಿನ ಹಾಗೇ ಇರುವುದರಿಂದ ಇಂದಿಗೂ ನಾವು ವಿಷ ಹೊಡೆದು ಕೊಲ್ಲುತ್ತಿದ್ದೇವೆ. ಅಳಿಯ ಪಂಪು ಒಳಗಿಟ್ಟರು. ತಿಂಗಳು ಕಳೆದು ಮಗಳು ಫೋನ್ ಮಾಡಿದಾಗ, ಆ ನಾಲ್ಕು ಸಾಲಿನಲ್ಲಿ ತಿಗಣೆ ಇಳಿದಿತ್ತು.

ನೋಡುವುದು ಈ ಸೀಮೆಗೆ ಹೊಸದಲ್ಲ

ದೇವರಮನೆಗೆ ಹತ್ತಿರದ ಕೊಟ್ಟಿಗೆಹಾರದ ಹೆಸರಿನಲ್ಲೇ ಒಂದು ಕಪ್ಪೆ ಇದೆ. 1937ರಲ್ಲಿ ಸಿ.ಆರ್. ನಾರಾಯಣರಾವ್ ಅದನ್ನು ಲೋಕಕ್ಕೆ ತಿಳಿಸಿದರು. ಹೆಬ್ಬೆರಳಿನಷ್ಟಿರುವ ಆ ಗಂಡು ಕಪ್ಪೆ ತೊರೆಯ ಕಲ್ಲಿನ ಮೇಲೆ ಕೂತು ಹಿಂಗಾಲು ಬೀಸಿ ಕುಣಿಯುತ್ತೆ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕಾಫಿ ತೋಟ ಮಾಡಿಕೊಂಡೇ ಫಿಲ್ಮಿನ ಕಾಲದಲ್ಲಿ ಹಕ್ಕಿಗಳ ಫೋಟೋ ತೆಗೆದರು. ಕೃಷಿಕನಿಗೆ ಕ್ಯಾಮರಾ ಶೋಕಿ ಅಂತ ಯಾರಾದರೂ ಅಂದರೆ ಅವರನ್ನು ನೆನಪಿಸಿ.

ನೋಡುವುದಷ್ಟೇ ಸಾಕು ಅನ್ನುವವರಿಗೆ ನೂರೈವತ್ತು ರೂಪಾಯಿಯ ಭೂತಗನ್ನಡಿ ಸಾಕು, ನಿಜ. ಆದರೆ ಭೂತಗನ್ನಡಿಯಲ್ಲಿ ಕಂಡದ್ದನ್ನು ಇನ್ನೊಬ್ಬರಿಗೆ ಕಳಿಸಲಾಗದು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ, ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕಾ ಕಾಲೇಜು ಇವೆ. ಬಲ್ಲವರು ಅಲ್ಲಿದ್ದಾರೆ. ಹುಳ ಇಲ್ಲಿದೆ. ನಡುವೆ ಒಂದು ಸ್ಪಷ್ಟ ಚಿತ್ರ ಬೇಕು.

ನನ್ನ ಸಲಹೆ ಇಷ್ಟೇ. ಮನೆಯಲ್ಲಿ ಡಿಎಸ್ಎಲ್ಆರ್ ಇದ್ದರೆ ಮೊದಲು 250 ರೂಪಾಯಿಯ ರಿಂಗಿನಿಂದ ಶುರು ಮಾಡಿ. ಒಂದು ಬೆಳೆ ಕಾಲ ಉಪಯೋಗಿಸಿ. ರುಚಿ ಹತ್ತಿದರೆ ಟ್ಯೂಬಿಗೆ ಹೋಗಿ. ದೊಡ್ಡ ಲೆನ್ಸು ಆಮೇಲೆ. ಈ ಸಲ ಜೋಳದ ಸುಳಿಯಲ್ಲಿ ಹುಳ ಬಿದ್ದಾಗ ನಾಲ್ಕು ಚುಕ್ಕಿಯೂ, ತಲೆಯ ಗೆರೆಯೂ ಚೆನ್ನಾಗಿ ಬಂತು. ಎರಡನೇ ದಿನವೇ ಸರಿಯಾದ ಉಪಾಯ ತಿಳಿಯಿತು. 2019ರಲ್ಲಿ ದಂಡವಾದದ್ದು 3,200 ರೂಪಾಯಿ ಮತ್ತು ಅರ್ಧ ಬೆಳೆ. ಲೆಕ್ಕ ನೀವೇ ಹಾಕಿ.

ಇನ್ನೂ ಕಡಿಮೆ ಖರ್ಚಿನಲ್ಲಿ ಯಾರಾದರೂ ಹುಳದ ಮುಖ ತೆಗೆದಿದ್ದರೆ ಪತ್ರಿಕೆಗೆ ಬರೆಯಿರಿ. ಫೋಟೋ ಜೊತೆಗಿರಲಿ.