ಏಳು ಸಲ ಗೆದ್ದವರ ಲೆಕ್ಕ

ಹೊಳೆಯನ್ನು ಅಳೆಯುವುದು ಸುಲಭ, ಮನುಷ್ಯನನ್ನು ಅಳೆಯುವುದು ಕಷ್ಟ. ಇದು ಹೊಸ ಮಾತೇನೂ ಅಲ್ಲ. ಆದರೆ ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ, ಘಟಪ್ರಭೆಯ ದಂಡೆಯ ಮೇಲೆ ನಿಂತಾಗ ಅದು ನನಗೆ ಹೊಸದಾಗಿಯೇ ಹೊಳೆಯಿತು. ಸಹ್ಯಾದ್ರಿಯಲ್ಲಿ ಹುಟ್ಟಿ, ಮಹಾರಾಷ್ಟ್ರದ ನೆಲವನ್ನು ಹಾಯ್ದು ಬರುವ ಈ ಹೊಳೆ ಹಿಡಕಲ್ ಜಲಾಶಯವನ್ನು ಸೇರುವ ಮೊದಲು, ಕೇಂದ್ರ ಜಲ ಆಯೋಗದವರು ದಡ್ಡಿಯಲ್ಲಿ ಅದರ ನೀರನ್ನು ಅಳೆಯುತ್ತಾರೆ. ಮಳೆಗಾಲದಲ್ಲಿ ಹೊಳೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದಕ್ಕೆ ಇಲ್ಲಿ ಲೆಕ್ಕವುಂಟು. ಹೊಳೆ ಸುಳ್ಳು ಹೇಳಿದರೂ ಅಳತೆಗೋಲು ಹೇಳುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ಕಾಲೇಜಿನ ಮಕ್ಕಳೊಡನೆ, ಊರುಗಳ ಹೆಸರುಗಳನ್ನೂ ಗಡಿನಾಡಿನ ಮಾತನ್ನೂ ಕೇಳಿ ಬರೆದುಕೊಳ್ಳುವುದಕ್ಕೆಂದು. ಭಾವೇಶ್ವರಿಯ ಜಾತ್ರೆಗೆ ಎರಡು ರಾಜ್ಯಗಳ ಭಕ್ತರು ಕೂಡುವ ಸೀಮೆ ಅದು. ಕನ್ನಡ ಮರಾಠಿಗಳೆರಡೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತವೆ. ದಡ್ಡಿಯೆಂದರೆ ದನಕುರಿಗಳನ್ನು ಕೂಡುವ ಬೇಲಿಯ ಆವರಣವೆಂದು ನಾನು ಹೇಳುತ್ತಿದ್ದಾಗ, ಹುಡುಗನೊಬ್ಬ ನಡುವೆಯೇ ಕೇಳಿದ: “ಸರ, ನಮ್ಮ ಚಿಕ್ಕೋಡಿಯಿಂದ ಒಬ್ಬರು ಏಳು ಸಲ ಡೆಲ್ಲಿಗೆ ಆರಿಸಿ ಹೋಗಿದ್ರಂತಲ್ರೀ, ಅವರು ಅಲ್ಲಿ ಏನ ಮಾಡಿದ್ರು?”

ನನಗೆ ಉತ್ತರ ಬರಲಿಲ್ಲ. ನಲವತ್ತು ದಾಟಿದ, ಎಂ.ಎ. ಓದಿದ, ಚಿಕ್ಕಂದಿನಲ್ಲಿ ಗೋಡೆಗಳ ಮೇಲೆಲ್ಲ ಆ ಹೆಸರನ್ನೇ ಓದುತ್ತ ಬೆಳೆದ ನನಗೆ ಬಿ. ಶಂಕರಾನಂದರ ಹೆಸರು ಗೊತ್ತಿತ್ತು, ಲೆಕ್ಕ ಗೊತ್ತಿರಲಿಲ್ಲ. ಪಂಪನ ಆಶ್ರಯದಾತನ ವಂಶಾವಳಿಯನ್ನು ಬಾಯಿಪಾಠ ಹೇಳಬಲ್ಲವನು, ನನ್ನ ನಾಡು ಮೂರು ದಶಕ ಆರಿಸಿ ಕಳಿಸಿದವರ ಬಗೆಗೆ ಮೂರು ವಾಕ್ಯ ಹೇಳಲಾರದೆ ಹೋದೆ. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ಮೊದಲು ಹೊರಗಿನ ಲೆಕ್ಕವನ್ನು ನೋಡೋಣ. ಶಂಕರಾನಂದರು ಹುಟ್ಟಿದ್ದು ೧೯೨೫ರಲ್ಲಿ, ಓದಿದ್ದು ಕಾನೂನು. ಚಿಕ್ಕೋಡಿ ಸೀಮೆಗೆ ಅಂಬೇಡ್ಕರರ ಚಳವಳಿಯ ನಂಟು ಹಳೆಯದು. ೧೯೨೫ರಲ್ಲಿ ಅಂಬೇಡ್ಕರರು ನಿಪ್ಪಾಣಿಯ ಪರಿಷತ್ತಿಗೆ ಬಂದಿದ್ದರು; ೧೯೫೭ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಡಿ. ಎ. ಕಟ್ಟಿಯವರು ಚಿಕ್ಕೋಡಿಯಿಂದಲೇ ಲೋಕಸಭೆಗೆ ಹೋಗಿದ್ದರು. ಮುಂದೆ ಮೀಸಲು ಕ್ಷೇತ್ರವಾದ ಚಿಕ್ಕೋಡಿಯಿಂದ ಶಂಕರಾನಂದರು ೧೯೬೭, ೧೯೭೧, ೧೯೭೭, ೧೯೮೦, ೧೯೮೪, ೧೯೮೯, ೧೯೯೧—ಹೀಗೆ ಏಳು ಚುನಾವಣೆಗಳನ್ನು ಸಾಲಾಗಿ ಗೆದ್ದರು. ೧೯೯೬ರಲ್ಲಿ ಜನತಾದಳದ ರತ್ನಮಾಲಾ ಸವಣೂರರ ಎದುರು ಸೋತರು. ೨೦೦೯ರಲ್ಲಿ ತೀರಿಕೊಂಡರು.

ಇದು ಅಂಕಿಯ ಲೆಕ್ಕ. ಗೆದ್ದವರು ಅಲ್ಲಿ ಏನು ಮಾಡಿದರು? ಪರದೇಶಗಳ ಕೆಲವು ಶಾಸನಸಭೆಗಳಲ್ಲಿ ಒಬ್ಬೊಬ್ಬ ಸದಸ್ಯನ ಒಂದೊಂದು ಮತವನ್ನೂ ಪಟ್ಟಿಮಾಡಿ ಜನರ ಮುಂದಿಡುವುದುಂಟು. ನಮ್ಮಲ್ಲಿ ಆ ಪಟ್ಟಿಯನ್ನು ಹುಡುಕಹೊರಟವನಿಗೆ ಬೇಗನೆ ದಾರಿ ಮುಚ್ಚುತ್ತದೆ. ನಮ್ಮ ಲೋಕಸಭೆಯಲ್ಲಿ ಬಹುಪಾಲು ಮಸೂದೆಗಳು ಅಂಗೀಕಾರವಾಗುವುದು ಧ್ವನಿಮತದಿಂದ. ಅಧ್ಯಕ್ಷರು ಕೇಳುತ್ತಾರೆ; ಹೌದೆನ್ನುವವರು ಹೌದೆನ್ನುತ್ತಾರೆ, ಅಲ್ಲವೆನ್ನುವವರು ಅಲ್ಲವೆನ್ನುತ್ತಾರೆ; ಯಾರ ಸದ್ದು ಹೆಚ್ಚೋ ಅವರ ಗೆಲುವು. ಸದಸ್ಯರು ಒತ್ತಾಯಿಸಿದಾಗ ಮಾತ್ರ ಮತವಿಭಜನೆ ನಡೆದು ತಲೆಯೆಣಿಕೆಯಾಗುತ್ತದೆ. ೧೯೮೫ರ ೫೨ನೆಯ ತಿದ್ದುಪಡಿ ಪಕ್ಷಾಂತರವನ್ನು ನಿಷೇಧಿಸಿದ ಮೇಲಂತೂ, ಪಕ್ಷದ ವಿಪ್ಪನ್ನು ಮೀರಿ ಮತ ಕೊಟ್ಟ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬೇಕಾದೀತು. ಹಣಕ್ಕೆ ಮಾರಿಹೋಗುವವರನ್ನು ತಡೆಯಲು ಕಟ್ಟಿದ ಬೇಲಿ ಅದು. ಆದರೆ ಮನಸ್ಸಾಕ್ಷಿಯುಳ್ಳವನೂ ಅದರೊಳಗೇ ನಿಲ್ಲಬೇಕು. ದಡ್ಡಿಯೆಂಬ ಮಾತಿನ ಅರ್ಥವನ್ನು ನಾನು ಮಕ್ಕಳಿಗೆ ಅಂದು ಪೂರ್ತಿ ಹೇಳಿರಲಿಲ್ಲ!

ಹೀಗಿರುವಾಗ ಒಬ್ಬ ಸದಸ್ಯನ ಮತವೆಂದರೆ ಬಹುಮಟ್ಟಿಗೆ ಅವನ ಪಕ್ಷದ ಮತ. ಅವನದೇ ಆದುದನ್ನು ಬೇರೆ ಕಡೆ ಹುಡುಕಬೇಕು: ಅವನು ಆಡಿದ ಮಾತಿನಲ್ಲಿ, ಮಂಡಿಸಿದ ಮಸೂದೆಯಲ್ಲಿ, ಕುಳಿತ ಸಮಿತಿಯಲ್ಲಿ. ಮಾತಿಗೆ ಉದಾಹರಣೆ ಬೇಕೆಂದರೆ, ಶಂಕರಾನಂದರು ಮೊದಲ ಸಲ ಗೆದ್ದ ೧೯೬೭ರಲ್ಲಿಯೇ ಶಿವಮೊಗ್ಗೆಯಿಂದ ಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದರು. ಒಂದು ಭಾಷಣದಿಂದ ಪಟೇಲರು ನಾಡಿನ ನೆನಪಿನಲ್ಲಿ ಉಳಿದರು; ಏಳು ಗೆಲುವಿನ ಶಂಕರಾನಂದರು ಮರೆವಿಗೆ ಸಂದರು. ಅವರ ದಾರಿ ಮಾತಿನದಲ್ಲ, ಕಡತದ್ದು. ೧೯೭೧ರಿಂದ ೧೯೭೭ರವರೆಗೆ ಸಂಸದೀಯ ವ್ಯವಹಾರಗಳ ಉಪಸಚಿವರು; ಎಂದರೆ ತುರ್ತುಪರಿಸ್ಥಿತಿಯ ದಿನಗಳಲ್ಲಿಯೂ ಅವರು ಸರ್ಕಾರದೊಳಗೇ ಇದ್ದರು. ಅದನ್ನು ಲೆಕ್ಕದಿಂದ ಬಿಡುವ ಹಾಗಿಲ್ಲ.

೧೯೮೦ರಲ್ಲಿ ಮೊದಲು ವಿದ್ಯಾಖಾತೆಯೂ ಆರೋಗ್ಯಖಾತೆಯೂ, ಬಳಿಕ ೧೯೮೪ರವರೆಗೆ ಆರೋಗ್ಯವೂ ಅವರ ಪಾಲಿಗೆ ಬಂದವು. ದೇಶದ ಮೊದಲ ರಾಷ್ಟ್ರೀಯ ಆರೋಗ್ಯನೀತಿ ೧೯೮೩ರದು, ಅವರ ಕಾಲದ್ದು. ಆರೋಗ್ಯಖಾತೆಯ ಅಧೀನದ ಹಿಂದುಸ್ತಾನ್ ಲೇಟೆಕ್ಸ್ ಕಾರಖಾನೆ ಹುಕ್ಕೇರಿ ತಾಲ್ಲೂಕಿನ ಕಣಗಲಾದಲ್ಲಿ ಆರಂಭವಾದುದು ೧೯೮೫ರಲ್ಲಿ. ೧೯೯೩-೯೪ರಲ್ಲಿ ಮತ್ತೆ ಅದೇ ಖಾತೆ ಅವರ ಕೈಗೆ ಬಂದಾಗ, ೧೯೯೪ರಲ್ಲಿ ಎರಡು ದೊಡ್ಡ ಶಾಸನಗಳಾದವು. ಒಂದು, ಮನುಷ್ಯನ ಅಂಗಾಂಗಗಳ ಮಾರಾಟವನ್ನು ಅಪರಾಧವಾಗಿಸಿದ ಅಂಗಾಂಗ ಕಸಿ ಕಾಯಿದೆ. ಇನ್ನೊಂದು, ಹುಟ್ಟುವ ಮೊದಲೇ ಹೆಣ್ಣೋ ಗಂಡೋ ಎಂದು ನೋಡಿ ಹೆಣ್ಣನ್ನು ಕೊಲ್ಲುವುದನ್ನು ತಡೆಯಲು ಬಂದ ಭ್ರೂಣಪರೀಕ್ಷೆಯ ನಿಯಂತ್ರಣ ಕಾಯಿದೆ.

ನೀರೂ ಅವರ ಖಾತೆಯಾಗಿತ್ತು. ೧೯೮೪ರ ಕೊನೆಯಲ್ಲಿ ನೀರಾವರಿ ಮತ್ತು ವಿದ್ಯುತ್ತು, ೧೯೮೫ರಿಂದ ಜಲಸಂಪನ್ಮೂಲ. ಕುಡಿಯುವ ನೀರಿಗೆ ಮೊದಲ ಸ್ಥಾನ, ಆಮೇಲೆ ನೀರಾವರಿ ಎಂದು ಸಾರಿದ ರಾಷ್ಟ್ರೀಯ ಜಲನೀತಿ ೧೯೮೭ರ ಸೆಪ್ಟೆಂಬರಿನಲ್ಲಿ ಅಂಗೀಕಾರವಾಯಿತು. ಅದರ ಸಿದ್ಧತೆಯ ವರ್ಷಗಳಲ್ಲಿ ಖಾತೆ ಅವರದಾಗಿತ್ತು. ದಡ್ಡಿಯಲ್ಲಿ ಹೊಳೆಯನ್ನು ಅಳೆಯುವ ಆಯೋಗವೂ ಆ ಖಾತೆಯದೇ. ಘಟಪ್ರಭೆಗೆ ಅಡ್ಡಲಾಗಿ ಎದ್ದ, ೫೧ ಟಿ.ಎಂ.ಸಿ. ನೀರು ಹಿಡಿಯುವ ಹಿಡಕಲ್ ಅಣೆಕಟ್ಟು ಕೆಳಗಿನ ಬಯಲಿಗೆ ಬೆಳೆ ಕೊಟ್ಟಿತು, ಮೇಲಿನ ಊರುಗಳನ್ನು ನುಂಗಿತು. ಬೇಸಗೆಯಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲ ದೇವಾಲಯ ತಲೆಯೆತ್ತಿ ನಿಲ್ಲುವುದನ್ನು ನೋಡಿದವರಿಗೆ ನೀರಿನ ಖಾತೆಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಇನ್ನು ಕಹಿಯಾದ ಪುಟಗಳು. ಬೋಫೋರ್ಸ್ ಫಿರಂಗಿಗಳ ಖರೀದಿಯಲ್ಲಿ ಲಂಚ ನಡೆಯಿತೆಂಬ ಆರೋಪವನ್ನು ವಿಚಾರಿಸಲು ೧೯೮೭ರ ಆಗಸ್ಟಿನಲ್ಲಿ ನೇಮಕವಾದ ಜಂಟಿ ಸಂಸದೀಯ ಸಮಿತಿಗೆ ಶಂಕರಾನಂದರೇ ಅಧ್ಯಕ್ಷರು. ಮುಖ್ಯ ವಿರೋಧಪಕ್ಷಗಳು ಸಮಿತಿಯಿಂದ ದೂರ ನಿಂತವು. ೧೯೮೮ರ ಏಪ್ರಿಲಿನಲ್ಲಿ ಬಂದ ವರದಿ ಸರ್ಕಾರಕ್ಕೆ ಅನುಕೂಲವಾಗಿಯೇ ಇತ್ತು. ಭಿನ್ನಮತದ ಟಿಪ್ಪಣಿ ಬರೆದವರು ಅಣ್ಣಾ ಡಿ.ಎಂ.ಕೆ.ಯ ಆಲಡಿ ಅರುಣಾ. ಮರುವರ್ಷ ಮಹಾಲೇಖಪಾಲರ ವರದಿ ಖರೀದಿಯ ದೋಷಗಳನ್ನು ಎತ್ತಿ ಹೇಳಿದಾಗ ವಿರೋಧಪಕ್ಷಗಳ ಸದಸ್ಯರು ಗುಂಪಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. ಇತಿಹಾಸದ ವಕ್ರತೆಯೆಂದರೆ ಇದು: ಕೆಲವು ವರ್ಷಗಳ ಮೇಲೆ ಷೇರುಪೇಟೆಯ ಹಗರಣವನ್ನು ವಿಚಾರಿಸಿದ ಇನ್ನೊಂದು ಜಂಟಿ ಸಮಿತಿ, ಶಂಕರಾನಂದರ ಪೆಟ್ರೋಲಿಯಂ ಖಾತೆಯ ಕಾಲದ ಹಣದ ವ್ಯವಹಾರವನ್ನು ಪ್ರಶ್ನಿಸಿತು. ೧೯೯೪ರ ಡಿಸೆಂಬರಿನಲ್ಲಿ ಅವರು ಸಚಿವಸ್ಥಾನವನ್ನು ಬಿಟ್ಟರು. ವಿಚಾರಿಸುವ ಕುರ್ಚಿಯಲ್ಲಿ ಕುಳಿತವರು ವಿಚಾರಣೆಗೆ ಒಳಗಾಗುವುದು ಪ್ರಜಾಪ್ರಭುತ್ವದಲ್ಲಿ ಅಪರೂಪವಲ್ಲ. ಅದು ಅದರ ಆರೋಗ್ಯದ ಲಕ್ಷಣವೇ ಆಗಿರಬಹುದು.

ಇಷ್ಟನ್ನೂ ಕಲೆಹಾಕಿದ ಮೇಲೆ, ಆ ಹುಡುಗನಿಗೆ ಮೊದಲು ಹೇಳಬೇಕಾದುದು ಯಾವುದು? ಹುಡುಕುತ್ತಿದ್ದಾಗ ಒಂದು ದಿನಾಂಕ ನನ್ನನ್ನು ತಡೆದು ನಿಲ್ಲಿಸಿತು. ೧೯೮೮ರ ಡಿಸೆಂಬರ್ ೧೩. ಅಂದು ಲೋಕಸಭೆಯಲ್ಲಿ ಸಂವಿಧಾನದ ೩೨೬ನೆಯ ಅನುಚ್ಛೇದವನ್ನು ತಿದ್ದುವ ಮಸೂದೆಯೊಂದು ಮಂಡನೆಯಾಯಿತು. ಮತದಾನದ ವಯಸ್ಸನ್ನು ೨೧ರಿಂದ ೧೮ಕ್ಕೆ ಇಳಿಸುವ ಮಸೂದೆ ಅದು. ಸಂವಿಧಾನದ ತಿದ್ದುಪಡಿಗೆ ಸದ್ದು ಸಾಲದು, ಎಣಿಕೆ ಬೇಕು: ಸದನದ ಒಟ್ಟು ಸದಸ್ಯರಲ್ಲಿ ಬಹುಮತ, ಹಾಜರಿದ್ದು ಮತ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲು. ಡಿಸೆಂಬರ್ ೧೫ರಂದು ಲೋಕಸಭೆ, ೨೦ರಂದು ರಾಜ್ಯಸಭೆ ಅದನ್ನು ಅಂಗೀಕರಿಸಿದವು; ರಾಜ್ಯಗಳ ಶಾಸನಸಭೆಗಳ ಸಮ್ಮತಿಯನ್ನೂ ಪಡೆದು ೧೯೮೯ರ ಮಾರ್ಚ್ ೨೮ರಂದು ೬೧ನೆಯ ತಿದ್ದುಪಡಿಯಾಗಿ ಜಾರಿಗೆ ಬಂದಿತು. ಅದನ್ನು ಸರ್ಕಾರದ ಪರವಾಗಿ ಸದನದ ಮುಂದಿಟ್ಟವರು ಚಿಕ್ಕೋಡಿಯ ಸದಸ್ಯ ಬಿ. ಶಂಕರಾನಂದ.

ನಿರ್ಧಾರ ಸರ್ಕಾರದ್ದು, ಮತ ಸದನದ್ದು. ಒಬ್ಬರ ಕೀರ್ತಿಯೆಂದು ಅದನ್ನು ಬರೆದುಕೊಡುವುದು ಸಲ್ಲದು. ಆದರೂ ನಾನು ಹದಿನೆಂಟು ತುಂಬಿದೊಡನೆ ಮತಗಟ್ಟೆಯ ಸಾಲಿನಲ್ಲಿ ನಿಂತು, ಬೆರಳಿಗೆ ಮಸಿ ಹಚ್ಚಿಸಿಕೊಂಡು ಹೆಮ್ಮೆಯಿಂದ ಮನೆಗೆ ಬಂದದ್ದು ಆ ತಿದ್ದುಪಡಿಯ ಬಲದಿಂದ. ನಮ್ಮ ಸೀಮೆಯ ಪ್ರತಿನಿಧಿಯೇ ಅದನ್ನು ಸದನದಲ್ಲಿ ಮಂಡಿಸಿದ್ದರೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ಮತ ಬರುವ ವೇಳೆಗೆ ಚಿಕ್ಕೋಡಿ ಅವರ ಕೈತಪ್ಪಿತ್ತು.

ಮುಂದಿನ ವಾರ ತರಗತಿಯಲ್ಲಿ ಆ ಹುಡುಗನನ್ನು ಎಬ್ಬಿಸಿ ಕೇಳಿದೆ: “ನಿನಗೆ ವಯಸ್ಸೆಷ್ಟಪ್ಪ?” “ಹತ್ತೊಂಬತ್ತರೀ ಸರ.” “ಮತದಾರರ ಪಟ್ಟಿಯಲ್ಲಿ ಹೆಸರಿದೆಯೋ?” “ಐತ್ರೀ.” ಆಗ ನಾನು ತಿಳಿದುದನ್ನೆಲ್ಲ ಹೇಳಿದೆ, ಮೆಚ್ಚತಕ್ಕುದನ್ನೂ ಮೆಚ್ಚಲಾಗದುದನ್ನೂ ಕೂಡಿಯೇ ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು, “ಹಂಗಾದ್ರ ಈಗಿನವರದೂ ಹಿಂಗ ಹುಡುಕಿ ನೋಡಬಹುದೇನ್ರಿ?” ಎಂದ.

ನೋಡಬಹುದು, ನೋಡಬೇಕು. ಲೋಕಸಭೆಯ ಹಳೆಯ ಚರ್ಚೆಗಳೂ ಹೊಸ ಪ್ರಶ್ನೋತ್ತರಗಳೂ ಇಂದು ಯಾರು ಬೇಕಾದರೂ ತೆರೆದು ಓದುವಂತೆ ಸಿಗುತ್ತವೆ. ದಡ್ಡಿಯಲ್ಲಿ ಹೊಳೆಯ ನೀರನ್ನು ಅಳೆಯಲು ಸಂಬಳದ ನೌಕರರಿದ್ದಾರೆ. ಪ್ರತಿನಿಧಿಯನ್ನು ಅಳೆಯಲು ಮತದಾರನೇ ಹೊತ್ತು ಮಾಡಿಕೊಂಡು ಕೂರಬೇಕು.